ನಾನು ರುಚಿ ನೋಡದ ಅಡುಗೆ

ನಮ್ಮ ಮನೆಯಲ್ಲಿ ಅಡುಗೆ ಮಾಡುವವಳು ರುಚಿ ನೋಡುವ ಹಾಗಿಲ್ಲ. ಮೊದಲು ದೇವರಿಗೆ, ಆಮೇಲೆ ಊಟಕ್ಕೆ ಕೂತ ಗಂಡಸರಿಗೆ, ಕೊನೆಗೆ ನಮಗೆ. ಮದುವೆಯಾಗಿ ಕಾರ್ಕಳದಿಂದ ಕಾಪುವಿಗೆ ಬಂದ ಹೊಸತರಲ್ಲಿ ಒಮ್ಮೆ ಸಾರಿನ ನಾಲ್ಕು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ಬಾಯಿಗೆ ತರುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. ಪಾತ್ರೆಯನ್ನು ಹಾಗೇ ಎತ್ತಿ ಅಷ್ಟೂ ಸಾರನ್ನು ದನದ ಬಾನಿಗೆ ಸುರಿದು, ಇನ್ನೊಮ್ಮೆ ಬೇಳೆ ಇಡು ಎಂದರು. ಅವತ್ತಿನಿಂದ ನನಗೆ ಮೂಗು, ಕಿವಿ, ಕಣ್ಣು ಇವೇ ನಾಲಗೆ. ಉಪ್ಪು ಬೆರಳಿಗೆ ಗೊತ್ತು, ಹುಳಿ ಕುದಿಯುವ ಪರಿಮಳಕ್ಕೆ ಗೊತ್ತು. ಅತ್ತೆ ಹೋಗಿ ಕಾಲವಾಯಿತು, ಮಡಿಯೂ ಸಡಿಲವಾಯಿತು, ದೇವರ ಮುಂದೆ ಚೂರು ಸಕ್ಕರೆ ಇಟ್ಟು ಮುಗಿಸುವ ದಿನಗಳೂ ಬಂದವು. ಆದರೆ ಕೈ ಕಲಿತದ್ದನ್ನು ಬಿಡಲಿಲ್ಲ. ಸೌಟು ಬಾಯಿಯ ಹತ್ತಿರ ಹೋದರೆ ಈಗಲೂ ಬೆನ್ನ ಹಿಂದೆ ಯಾರೋ ನಿಂತ ಹಾಗೆ ಆಗುತ್ತದೆ.

ಇಂಥ ಅಡುಗೆಮನೆಯಲ್ಲಿ ನನಗೆ ದಿನಕ್ಕೊಂದು ಹೊಸತು ಮಾಡುವ ಚಟ. ಹೊಸತು ಎಂದರೆ ಟೀವಿಯಲ್ಲಿ ತೋರಿಸುವಂಥದ್ದಲ್ಲ, ಪನೀರು ಗಿನೀರು ನಮ್ಮ ಹೊಸಿಲು ದಾಟಿದ್ದೇ ಕಡಿಮೆ. ಹಿತ್ತಲಿನ ಪೇರಳೆಯ ಕುಡಿ, ಕೇಪುಳದ ಹೂ, ದೊಡ್ಡಪತ್ರೆ, ಹೀರೆಕಾಯಿಯ ಸಿಪ್ಪೆ, ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿ. ಇದರಲ್ಲೇ ನಿನ್ನೆ ಮಾಡದ್ದನ್ನು ಇವತ್ತು ಮಾಡುವುದು. ತಂಬುಳಿಗೆ ಜೀರಿಗೆಯ ಬದಲು ಓಮ ಹುರಿದರೆ ಹೇಗಾದೀತು, ಚಟ್ನಿಗೆ ಹುಣಸೆ ಬಿಟ್ಟು ಹಿತ್ತಲಿನ ಹುಳಿಕಾಯಿ ಬಿಂಬುಳಿ ಹಾಕಿದರೆ ಹೇಗೆ ಎಂದು ಬೆಳಿಗ್ಗೆ ಪಾತ್ರೆ ತೊಳೆಯುವಾಗ ಒಂದು ಯೋಚನೆ ಹೊಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಬೋಗುಣಿಯಲ್ಲಿ ಹಬೆಯಾಡುತ್ತ ಕೂತಿರುತ್ತದೆ. ಬೆಳಿಗ್ಗೆ ಲೋಕದಲ್ಲಿ ಇರಲಿಲ್ಲ, ಈಗ ಉಂಟು, ಮಾಡಿದವಳು ನಾನು. ಅಷ್ಟೇ. ನನಗೆ ಬೇರೆ ಹೆಮ್ಮೆಗಳಿಲ್ಲ. ಓದು ಪಿಯುಸಿಗೆ ನಿಂತಿತು, ಹಾಡು ಬರುವುದಿಲ್ಲ, ರಂಗೋಲಿ ಹಾಕಿದರೆ ಕೋಳಿ ಕೆದರಿದ ಹಾಗೆ. ಆ ಬೋಗುಣಿಯ ಸುಖ ಒಂದೇ ನನ್ನದು, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಅಪ್ಪಣೆ ಬೇಡ, ಆದರೆ ಒಂದು ಬಾಯಿ ಬೇಕಿತ್ತು. ಅದು ನನ್ನ ಗಂಡನದು. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಇಲ್ಲೂ 'ಇವರು' ಎಂದೇ ಬರೆಯುತ್ತೇನೆ. ಕಾಪು ಪೇಟೆಯಲ್ಲಿ ಇವರದು ಪುಸ್ತಕ, ಪೆನ್ನು, ಮಕ್ಕಳ ಕೊಡೆ ಮಾರುವ ಸಣ್ಣ ಅಂಗಡಿ. ಮಧ್ಯಾಹ್ನ ಶಟರು ಅರ್ಧ ಎಳೆದು, ಸ್ಕೂಟರಿನಲ್ಲಿ ಊಟಕ್ಕೆ ಬರುತ್ತಿದ್ದರು. ಕೈಕಾಲು ತೊಳೆಯುವಾಗಲೇ ಬಚ್ಚಲಿನಿಂದ ಪ್ರಶ್ನೆ ಬರುತ್ತಿತ್ತು: "ಇವತ್ತು ಹೊಸತು ಎಂತ?" ನಾವು ಮನೆಯಲ್ಲಿ ಮಾತಾಡುವುದು ತುಳು, ಕನ್ನಡದಲ್ಲಿ ಬರೆದರೆ ಇಷ್ಟು. ನಾನು ಹೇಳುತ್ತಿರಲಿಲ್ಲ. ಬಡಿಸಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಇವರ ಮುಖವನ್ನೇ ನೋಡುತ್ತಿದ್ದೆ. ಚೆನ್ನಾಗಿದ್ದರೆ ಇವರು ತುಟಿ ಬಿಚ್ಚುವುದಿಲ್ಲ. ಮಾತಿಲ್ಲದೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಅದನ್ನೇ ಕಲಸುತ್ತಾರೆ. ಚೆನ್ನಾಗಿಲ್ಲದಿದ್ದರೆ ಮಾತ್ರ, "ಇದು ಹೊಸತು ಅಲ್ವಾ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ನಾನು ಆ ಬೋಗುಣಿಯನ್ನು ಸಿಟ್ಟಿನಿಂದ ಒಳಗೆ ಒಯ್ಯುತ್ತಿದ್ದೆ. ನನ್ನ ಅಡುಗೆ ಚೆನ್ನಾಗಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿದ್ದದ್ದು ಹೀಗೆ. ಇವರದಾದ ಮೇಲೆ ನಾನು ಉಣ್ಣಲು ಕೂರುವಾಗ ತೀರ್ಪು ಆಗಿ ಹೋಗಿರುತ್ತಿತ್ತು. ಇವರು ಎರಡು ಸಲ ಅನ್ನ ಹಾಕಿಸಿಕೊಂಡದ್ದು ನನಗೂ ರುಚಿಯೇ, ಇವರು ಬಿಟ್ಟದ್ದು ನನಗೂ ಸಪ್ಪೆಯೇ.

ಒಂದು ವರ್ಷ ಕೃಷ್ಣಾಷ್ಟಮಿ ಕಳೆದ ಮೇಲೆ ಇವರು ಖಾರದ ಸುದ್ದಿ ತೆಗೆದರು. ಉಪ್ಪುನೀರಿನಲ್ಲಿ ಹಾಕಿಟ್ಟ ನೀರುಮಾವಿನಕಾಯಿಯ ಗೊಜ್ಜು ಬಡಿಸಿದ್ದೆ. ಒಂದು ತುತ್ತಿಗೇ ಕಣ್ಣಲ್ಲಿ ನೀರು ತಂದುಕೊಂಡು, ಖಾರ ಸ್ವಲ್ಪ ಹೆಚ್ಚಾಯಿತು ಎಂದರು. ಹಾಕಿದ್ದು ಯಾವತ್ತಿನಷ್ಟೇ ಮೆಣಸು. ಮರುದಿನ ಕಡಿಮೆ ಹಾಕಿದೆ, ಆಗಲೂ ಖಾರ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ತಿನ್ನಲು ಬಾರದವರು ಮೆಣಸಿಗೆ ಬೈಯುತ್ತಾರೆ ಎಂದು ನಾನು ಗೊಣಗಿದೆ. ಇವರು ನಕ್ಕರು. ವಯಸ್ಸಾಯಿತು, ನಾಲಗೆ ಮೆತ್ತಗಾಯಿತು ಎಂದರು. ನಮ್ಮಿಬ್ಬರಿಗೂ ಅದು ಅಡುಗೆಯ ವಿಷಯವಾಗಿ ಕಂಡಿತೇ ಹೊರತು ಇನ್ನೊಂದು ಹೊಳೆಯಲಿಲ್ಲ. ಊಟದ ಎಲೆಯ ಮೇಲೆ ಬಂದ ದೂರು ತಾನೇ, ಅದಕ್ಕೆ ಮದ್ದು ಅಡುಗೆಮನೆಯಲ್ಲೇ ಇರಬೇಕು ಎಂಬುದು ನಮ್ಮ ಲೆಕ್ಕ.

ನನಗೆ ಹಟ ಹುಟ್ಟಿತು. ಮೆಣಸೇ ಇಲ್ಲದೆ ಮಾಡಿ ತೋರಿಸುತ್ತೇನೆ ಎಂದು ಹೊರಟೆ. ಮೆಣಸು ಬಿಟ್ಟು ಅಡುಗೆ ಮಾಡಿ ನೋಡಿದವರಿಗೆ ಗೊತ್ತು, ಕೈ ಕಟ್ಟಿ ಹಾಕಿದ ಹಾಗೆ. ಆದರೆ ಕಟ್ಟಿದ ಕೈಗೇ ಬುದ್ಧಿ ಬರುವುದು. ಬೂದುಗುಂಬಳದ ತಿರುಳಿಗೆ ಎಳನೀರು ಹಾಕಿ ಬೇಯಿಸಿದೆ. ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜವನ್ನು ಬೇಯಿಸಿ ಅರೆದು, ತೆಂಗಿನಹಾಲಿನಲ್ಲಿ ಕುದಿಸಿ, ಇಳಿಸುವಾಗ ಕೇಪುಳದ ಹೂವನ್ನು ತುಪ್ಪದಲ್ಲಿ ಬಾಡಿಸಿ ಮೇಲೆ ಹಾಕಿದೆ. ಅದನ್ನು ಉಂಡ ದಿನ ಇವರು ಮೂರು ಸಲ ಅನ್ನ ಹಾಕಿಸಿಕೊಂಡರು. ಹಿರಿಯಡ್ಕಕ್ಕೆ ಮದುವೆ ಮಾಡಿ ಕೊಟ್ಟ ಮಗಳು ಬಂದಿದ್ದವಳು, ಅಮ್ಮಾ ಇದನ್ನು ಮೊಬೈಲಿನಲ್ಲಿ ಹಾಕಬೇಕು ಎಂದು ಫೋಟೋ ತೆಗೆದಳು. ನವರಾತ್ರಿ, ದೀಪಾವಳಿ, ಮತ್ತೆ ಚಳಿ ಬರುವವರೆಗೂ ದಿನಕ್ಕೊಂದು ಹೊಸತು ಹುಟ್ಟಿತು. ಎಲ್ಲ ಬೆಳ್ಳಗೆ, ಎಲ್ಲ ಮೆತ್ತಗೆ. ಬೆಳಿಗ್ಗೆ ಏಳುವಾಗಲೇ ಖುಷಿ. ಒಲೆಯ ಮುಂದೆ ಒಬ್ಬಳೇ ನಗುತ್ತಿದ್ದೆ. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅಡುಗೆ ಮಾಡಿದ ಕಾಲ ಇನ್ನೊಂದಿಲ್ಲ. ಇದನ್ನು ಬರೆಯುವುದು ಕಷ್ಟ, ಆದರೂ ಅದು ನಿಜ.

ಆಮೇಲೆ ಇವರು ಎಲೆಅಡಿಕೆ ಬಿಟ್ಟರು. ನಾನು ಎಷ್ಟು ಹೇಳಿದರೂ ಬಿಡದ ಹೊಗೆಸೊಪ್ಪು, ಎಲೆ, ಸುಣ್ಣ. ಒಂದು ದಿನ ಊಟವಾದ ಮೇಲೆ ಹರಿವಾಣವನ್ನು ಆಚೆ ದೂಡಿದರು. ಸುಣ್ಣ ಉರಿಯುತ್ತದೆ ಎಂದರು. ಆಗ ನನಗೆ ಹೆದರಿಕೆಯಾಯಿತು. ಮೆಣಸಿನ ಮೇಲೆ ಮುನಿಸಿಕೊಂಡರೆ ನಾನು ಮೆಣಸು ಬಿಟ್ಟೇನು, ತಾನಾಗಿ ಎಲೆಅಡಿಕೆ ಬಿಡುವ ಜನ ಇವರಲ್ಲ. ಬೆಳಕಿಗೆ ಕರೆದುಕೊಂಡು ಹೋಗಿ ಬಾಯಿ ತೆರೆಸಿದೆ. ನಾಲಗೆಯ ಪಕ್ಕದಲ್ಲಿ, ಹಲ್ಲಿಗೆ ತಾಗುವ ಕಡೆ, ಹುಣ್ಣು. ಅಂಚು ಗಟ್ಟಿಯಾಗಿ ಎದ್ದಿತ್ತು. ಉಡುಪಿಯ ಹಲ್ಲಿನ ಡಾಕ್ಟರು ಒಂದು ಸಲ ಟಾರ್ಚು ಹಾಕಿ ನೋಡಿ, ಇಲ್ಲಿ ಆಗುವುದಿಲ್ಲ, ಇವತ್ತೇ ಮಣಿಪಾಲಕ್ಕೆ ಹೋಗಿ ಎಂದರು.

ಮಣಿಪಾಲದಲ್ಲಿ ಎಷ್ಟು ಸಮಯದಿಂದ ಉರಿ ಉಂಟು ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ನಾನು ಲೆಕ್ಕ ಹಾಕಿದ್ದು ಅಡುಗೆಯಲ್ಲಿ. ನೀರುಮಾವಿನ ಗೊಜ್ಜು ಮಾಡಿದ್ದು ಅಷ್ಟಮಿ ಕಳೆದ ವಾರ, ಬೂದುಗುಂಬಳದ್ದು ನವರಾತ್ರಿಯಲ್ಲಿ, ಹಲಸಿನ ಬೀಜದ್ದು ದೀಪಾವಳಿಯ ಮೊದಲು. ಒಂದೊಂದೇ ಹೇಳುತ್ತ ಹೋದ ಹಾಗೆ ನನಗೇ ಕೇಳಿಸಿತು, ನಾನು ಹೇಳುತ್ತಿರುವುದು ಏನೆಂದು. ನನ್ನ ಒಂದೊಂದು ಹೊಸ ಪದಾರ್ಥಕ್ಕೂ ಆ ಹುಣ್ಣು ಒಂದೊಂದು ಚೂರು ಬೆಳೆದಿತ್ತು. ಅದು ದೂರು ಹೇಳುತ್ತಿತ್ತು, ನಾನು ಅದಕ್ಕೆ ಹಿತವಾಗುವ ಹಾಗೆ ಬೇಯಿಸಿ ಬಡಿಸಿ ಸುಮ್ಮನಿರಿಸುತ್ತಿದ್ದೆ. ತಡವಾಯಿತು ಎಂದು ಅಲ್ಲಿ ಯಾರೂ ನನ್ನನ್ನು ದೂರಲಿಲ್ಲ. ಎಷ್ಟೋ ಜನ ಹೀಗೇ ಬರುತ್ತಾರೆ ಎಂದರು. ಅದರಿಂದ ನನಗೆ ಒಂದು ಚೂರೂ ಸಮಾಧಾನವಾಗಲಿಲ್ಲ.

ನಾಲಗೆಯ ಹೆಚ್ಚಿನ ಭಾಗ ತೆಗೆದರು. ತೆಗೆದ ಜಾಗಕ್ಕೆ ಇವರ ಎಡ ಮುಂಗೈಯ ಚರ್ಮ, ಮಾಂಸ, ರಕ್ತನಾಳವನ್ನೇ ಎತ್ತಿ ಹೊಲಿದು ಹೊಸ ನಾಲಗೆ ಮಾಡಿದರು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರನ್ನು ಹೊರಗೆ ತಂದದ್ದು ಸಂಜೆ. ಆಮೇಲೆ ನರ್ಸುಗಳು ಗಳಿಗೆಗೊಮ್ಮೆ ಬಂದು ಟಾರ್ಚು ಹಾಕಿ ಅದರ ಬಣ್ಣ ನೋಡುತ್ತಿದ್ದರು. ಕಪ್ಪಾದರೆ ಸತ್ತಿತು ಎಂದು ಅರ್ಥ, ಕೆಂಪಿದ್ದರೆ ಉಳಿಯಿತು. ಕೆಲವು ದಿನ ಕಳೆದ ಮೇಲೆ ಆಪರೇಷನ್ ಮಾಡಿದ ಡಾಕ್ಟರು ಬಂದು, ಬಗ್ಗಿ ನೋಡಿ, ಸೊಂಟಕ್ಕೆ ಕೈಯಿಟ್ಟು ಒಂದು ಹೆಜ್ಜೆ ಹಿಂದೆ ನಿಂತರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು. ಮುಖದಲ್ಲಿ ಒಂದು ಬೆಳಕಿತ್ತು. ಆ ಬೆಳಕು ನನಗೆ ಗೊತ್ತು. ಬೋಗುಣಿಯನ್ನು ಇಳಿಸಿ ಬಾಗಿಲಿಗೆ ಒರಗಿ ನಿಂತಾಗ ನನ್ನ ಮುಖದಲ್ಲಿ ಇರುತ್ತಿದ್ದದ್ದು ಅದೇ. ಬೆಳಿಗ್ಗೆ ಲೋಕದಲ್ಲಿ ಇರಲಿಲ್ಲ, ಈಗ ಉಂಟು, ಮಾಡಿದವರು ಅವರು. ಚೆನ್ನಾಗಿ ಮಾಡಿದ್ದೀರಿ ಎಂಬ ಒಂದು ಮಾತು ನನ್ನಿಂದ ಅವರಿಗೆ ಸಲ್ಲಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಇದಕ್ಕೆ ರುಚಿ ಗೊತ್ತಾಗ್ತದಾ?"

ಅವರು ನನ್ನನ್ನು ನೋಡಿದರು. "ನುಂಗಲಿಕ್ಕೆ ಆಗ್ತದೆ ಅಮ್ಮ. ಸ್ವಲ್ಪ ಮಾತೂ ಬರ್ತದೆ. ಈಗ ಅದೇ ದೊಡ್ಡದು."

ದೊಡ್ಡದೇ. ನಾನು ಅಲ್ಲ ಎನ್ನುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಅತ್ತೆ ಮಗನ ತಲೆ ಸವರಿ ಹೇಳುತ್ತಿದ್ದರು. ಎರಡನ್ನೂ ಬಲ್ಲವರಿಗೆ ಎರಡೂ ಹೋಯಿತು. ಗಾದೆ ಮಾಡಿದವನು ಮಣಿಪಾಲದ ಆ ವಾರ್ಡಿನಲ್ಲಿ ಒಂದು ರಾತ್ರಿ ಕೂತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದ.

ಆಮೇಲೆ ವಿಕಿರಣ ಚಿಕಿತ್ಸೆ. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಹೋಗುವಾಗ ಇವರು ಕಿಟಕಿಯ ಹತ್ತಿರ ಕೂತು, ಉದ್ಯಾವರದ ಹೊಳೆ ಬಂದಾಗ ಮಾತ್ರ ತಲೆ ಎತ್ತುತ್ತಿದ್ದರು. ಬರುವಾಗ ಅದೂ ಇಲ್ಲ. ಮೊದಲು ಮೂಗಿನ ನಳಿಗೆಯಲ್ಲಿ ಆಹಾರ, ಅದನ್ನು ತೆಗೆದ ಮೇಲೆ ಬಾಯಿಯಲ್ಲಿ ತೆಳ್ಳಗಿನದು ಮಾತ್ರ. ಎಲ್ಲವನ್ನೂ ಮಿಕ್ಸಿಯಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ಲೋಟದಲ್ಲಿ ಕೊಡಬೇಕು. ಒಂದು ಸಾಸಿವೆ ಕಾಳು ಸಿಕ್ಕಿದರೂ ಕೆಮ್ಮು ಹಿಡಿದು ಮುಖ ಕಪ್ಪಾಗುತ್ತದೆ. ಕೊಡುವ ಮೊದಲು ನೀನೇ ಸ್ವಲ್ಪ ಬಾಯಿಗೆ ಹಾಕಿ ಬಿಸಿ ನೋಡಮ್ಮ ಎಂದು ಮಗಳು ಕಲಿಸಿ ಹೋದಳು. ನಾನು ಮಣಿಕಟ್ಟಿನ ಮೇಲೆ ಹನಿ ಬಿಟ್ಟು ಬಿಸಿ ನೋಡಿದೆನೇ ಹೊರತು ಬಾಯಿಗೆ ಹಾಕಲಿಲ್ಲ.

ಆದರೂ ನಾನು ಬಿಟ್ಟುಕೊಡಲಿಲ್ಲ. ಸೋಸಿ ಕೊಡುವುದಾದರೆ ಸೋಸಿದ್ದರಲ್ಲೇ ಹೊಸತು ಮಾಡುತ್ತೇನೆ ಎಂದುಕೊಂಡೆ. ಹೆಸರುಬೇಳೆಗೆ ಪೇರಳೆ ಕುಡಿ, ಗಂಜಿಗೆ ಹುರಿದ ಎಳ್ಳು, ಬಾಳೆದಿಂಡಿನ ರಸಕ್ಕೆ ಮಜ್ಜಿಗೆ. ಪುನಃ ಬಾಗಿಲಿಗೆ ಒರಗಿ ನಿಂತೆ. ಇವರು ತಲೆಯನ್ನು ಹಿಂದಕ್ಕೆ ಎತ್ತಿ, ಒಂದೊಂದೇ ಗುಟುಕು ಇಳಿಸಿ, ಲೋಟ ಖಾಲಿ ಮಾಡಿ, ಏನೂ ಹೇಳದೆ ಅದನ್ನು ನನ್ನ ಕಡೆ ಚಾಚಿದರು. ಇನ್ನೂ ಹಾಕು ಎಂದು. ನನಗೆ ಅಳು ಬಂತು. ಯಾವುದೋ ಮೂಲೆಯಲ್ಲಿ ಒಂದು ಚೂರು ನಾಲಗೆ ಉಳಿದಿದೆ, ಅದಕ್ಕೆ ತಿಳಿಯುತ್ತದೆ, ಡಾಕ್ಟರಿಗೆ ಗೊತ್ತಿಲ್ಲ ಎಂದುಕೊಂಡೆ. ಮರುದಿನ ಇನ್ನೊಂದು ಮಾಡಿದೆ. ಮತ್ತೆ ಲೋಟ ಚಾಚಿದರು. ಸುಮಾರು ದಿನ ನಾನು ಹೀಗೆ ಹುಚ್ಚಿಯ ಹಾಗೆ ಸಂತೋಷದಲ್ಲಿದ್ದೆ.

ಒಂದು ದಿನ ಇವರು ಎರಡು ಲೋಟ ಕುಡಿದು ಮಲಗಿದ ಮೇಲೆ, ಉಳಿದದ್ದನ್ನು ನಾನು ಬಟ್ಟಲಿಗೆ ಬಗ್ಗಿಸಿಕೊಂಡು ಊಟಕ್ಕೆ ಕೂತೆ. ಬಾಯಿಗಿಟ್ಟೆ. ಉಪ್ಪೇ ಇಲ್ಲ. ಕಡಿಮೆ ಅಲ್ಲ, ಇಲ್ಲವೇ ಇಲ್ಲ. ಜನ್ಮದಲ್ಲಿ ಮೊದಲ ಸಲ ನನ್ನ ಬೆರಳು ಉಪ್ಪು ಮರೆತಿತ್ತು. ಉಪ್ಪಿಗಿಂತ ರುಚಿ ಇಲ್ಲ ಎನ್ನುತ್ತಾರೆ, ಅದನ್ನೇ ಬಿಟ್ಟದ್ದನ್ನು ಇವರು ಎರಡು ಲೋಟ ಕುಡಿದು ಬಟ್ಟೆಯಲ್ಲಿ ತುಟಿ ಒರೆಸಿ ಮಲಗಿದ್ದರು.

ಹೋಗಲಿ ಎಂದು ಒಂದು ವಾರ ನೋಡಿದೆ. ಬರೀ ಅಕ್ಕಿಯ ತಿಳಿ ಕೊಟ್ಟೆ, ಲೋಟ ಚಾಚಿದರು. ಹೆಚ್ಚು ಹುಳಿ ಹಾಕಿದ ಮಜ್ಜಿಗೆ ಕೊಟ್ಟೆ, ಲೋಟ ಚಾಚಿದರು. ನಾನು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಿದ್ದೆ. ಇವರು ದಡದಲ್ಲಿ ಕೂತು ಹುಳಿ ಚೆನ್ನಾಗಿದೆ ಎಂದು ನನ್ನನ್ನು ಸಮಾಧಾನ ಮಾಡುತ್ತಿದ್ದರು. ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅವತ್ತಿಗೆ ಹೊಸತು ನಿಂತಿತು. ದಿನಾ ಅದೇ ಕುಚ್ಚಲಕ್ಕಿಯ ಗಂಜಿ, ಅದೇ ಹೆಸರುಬೇಳೆ, ಅರೆಯುವುದು, ಸೋಸುವುದು. ನನಗೂ ಅದೇ. ಪೇರಳೆಯ ಕುಡಿ ಬಲಿತು ಎಲೆಯಾಯಿತು, ಹೀರೆಕಾಯಿ ಬಳ್ಳಿಯಲ್ಲೇ ಒಣಗಿ ನಾರಾಯಿತು. ಬೆಳಿಗ್ಗೆ ಪಾತ್ರೆ ತೊಳೆಯುವಾಗ ತಲೆಯಲ್ಲಿ ಏನೂ ಹೊಳೆಯುವುದಿಲ್ಲ. ಇವರು ಬದುಕಿ ಮನೆಗೆ ಬಂದಿದ್ದಾರೆ, ನೀವು ಅದೃಷ್ಟವಂತರು ಎಂದು ಬಂದವರೆಲ್ಲ ಹೇಳಿ ಹೋಗುತ್ತಾರೆ. ಹೌದು ಎನ್ನುತ್ತೇನೆ. ಬದುಕಿದವರ ಎದುರು ಕೂತು ಅಡುಗೆಗಾಗಿ ಅಳುವುದು ನಾಚಿಕೆಯ ವಿಷಯ. ಆದರೂ ಅಳು ಅದಕ್ಕೇ ಬರುತ್ತಿತ್ತು.

ಹೀಗೆ ಹೋಗುತ್ತಿರುವಾಗ ಒಂದು ಮಧ್ಯಾಹ್ನ ಇವರು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಒರಗುವ ಜಾಗದಲ್ಲೇ. ಏನೋ ಹೇಳಿದರು. ಇವರ ಮಾತು ಈಗ ಬಾಯಿ ತುಂಬ ನೀರು ಇಟ್ಟುಕೊಂಡವರ ಮಾತು. ಅರ್ಧ ಮಗಳಿಗೂ ತಿಳಿಯುವುದಿಲ್ಲ. ಇನ್ನೊಮ್ಮೆ ಹೇಳಿಸಿದೆ.

"ಒಗ್ಗರಣೆ ಕೇಳದೆ ಸುಮಾರು ದಿನ ಆಯ್ತು."

ಸಾಸಿವೆ ನಿಮ್ಮ ಗಂಟಲಲ್ಲಿ ಇಳಿಯುವುದಿಲ್ಲವಲ್ಲ ಎಂದೆ. ಇವರು ಕೈ ಅಲ್ಲಾಡಿಸಿದರು. ಬಹಳ ಕಷ್ಟಪಟ್ಟು, ಒಂದೊಂದೇ ಶಬ್ದ ಎತ್ತಿಟ್ಟ ಹಾಗೆ ಹೇಳಿದರು. "ನನಗೆ ತಿನ್ನಲಿಕ್ಕೆ ಅಲ್ಲ. ನೀನು ಮಾಡುವುದು ಕೇಳ್ಬೇಕು."

ಅವತ್ತಿನಿಂದ ದಿನಾ ಮಧ್ಯಾಹ್ನ ಗಂಜಿ ಸೋಸಿ ಇಟ್ಟ ಮೇಲೆ, ಸಣ್ಣ ಕಬ್ಬಿಣದ ಸೌಟಿನಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸುತ್ತೇನೆ, ಕರಿಬೇವು ಹಾಕುತ್ತೇನೆ. ಚಟಪಟ ಸದ್ದಿಗೆ ಇವರು ಒಳಗೆ ಕುರ್ಚಿಯಲ್ಲಿ ನೆಟ್ಟಗೆ ಕೂರುವುದು ಗೊತ್ತಾಗುತ್ತದೆ. ಲೋಟ ಒಯ್ದು ಕೊಡುತ್ತೇನೆ. ಒಗ್ಗರಣೆಯನ್ನು ಒಯ್ದು ಬಾಳೆಯ ಬುಡಕ್ಕೆ ಚೆಲ್ಲುತ್ತೇನೆ. ಇದರಿಂದ ಇವರಿಗೆ ನೆಮ್ಮದಿ ಆಗಿರಬಹುದು. ನನಗೆ ಆಗಲಿಲ್ಲ. ಸದ್ದು ಮಾಡಿ ಚೆಲ್ಲುವುದು ಅಡುಗೆಯಲ್ಲ.

ಮೊನ್ನೆ ಕೈ ನನ್ನ ಮಾತು ಕೇಳಲಿಲ್ಲ. ಹಿತ್ತಲಿಗೆ ಕರಿಬೇವಿಗೆ ಹೋದವಳು ಎರಡು ಬಿಂಬುಳಿ ಕೊಯ್ದು ತಂದೆ. ಎಣ್ಣೆಗೆ ಸಾಸಿವೆಯ ಜೊತೆ ಅದನ್ನೂ ಕೊಚ್ಚಿ ಹಾಕಿದೆ, ಚೂರು ಬೆಲ್ಲ, ಮೆಣಸು. ಎಷ್ಟೋ ಕಾಲದ ಮೇಲೆ ಮೆಣಸು. ಉಪ್ಪು ಬೆರಳೇ ತೆಗೆದು ಹಾಕಿತು. ತೆಂಗಿನಕಾಯಿ ತುರಿದು, ಎಳ್ಳು ಹುರಿದು ಅರೆದು ಸೇರಿಸಿದೆ. ಘಾಟು ಏರಿತು, ಮನೆಯಿಡೀ ತುಂಬಿತು. ಇಳಿಸಿ ನೋಡಿದರೆ ಬೋಗುಣಿಯಲ್ಲಿ ಒಂದು ಹೊಸ ವಸ್ತು ಕೂತಿತ್ತು, ಹಬೆಯಾಡುತ್ತ. ಆ ಹಳೆಯ ಸುಖ ಬಂದೇ ಬಂತು, ಕರೆಯದೆ. ತಲೆ ಎತ್ತಿದರೆ ಇವರು ಬಾಗಿಲಲ್ಲಿ ನಿಂತಿದ್ದರು. ಮೂಗು ಅರಳಿಸಿಕೊಂಡು.

ಇವರಿಗೆ ಬಡಿಸುವ ಹಾಗಿಲ್ಲ. ಇವರು ಮೊದಲು ಉಣ್ಣದ್ದನ್ನು ನಾನು ಉಂಡವಳಲ್ಲ. ಬೋಗುಣಿ ಹಿಡಿದುಕೊಂಡು ಹಾಗೇ ನಿಂತೆ. ಬಾಳೆಯ ಬುಡಕ್ಕೆ ಎಂದು ಹಿತ್ತಲ ಕಡೆ ತಿರುಗಿದಾಗ ಇವರು ಅಡ್ಡ ಬಂದು, ಒಂದು ಬಟ್ಟಲು ತೆಗೆದು ಅದರಲ್ಲಿ ಗಂಜಿಗೆಂದು ಬೇಯಿಸಿದ ಅನ್ನ ಹಾಕಿ ನನ್ನ ಮುಂದೆ ಇಟ್ಟರು. ಆಮೇಲೆ ಹೋಗಿ ಬಾಗಿಲಿಗೆ ಒರಗಿ ನಿಂತರು. ನಾನು ಕೂತು, ಕಲಸಿ, ಒಂದು ತುತ್ತು ಬಾಯಿಗಿಟ್ಟೆ. ಬೆನ್ನ ಹಿಂದೆ ಈ ಸಲ ಯಾರೂ ನಿಂತಿರಲಿಲ್ಲ.

"ಹೇಗುಂಟು?" ಎಂದು ಕೇಳಿದರು.

ಉಪ್ಪು ಇತ್ತು. ಹುಳಿ ಇತ್ತು, ಖಾರ ಇತ್ತು, ಎಳ್ಳಿನ ಕಂಪು ಇತ್ತು. ಚೆನ್ನಾಗಿದೆಯೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಇನ್ನೊಂದು ತುತ್ತು ತಿಂದೆ, ಆಗಲೂ ಗೊತ್ತಾಗಲಿಲ್ಲ. ಇಷ್ಟು ವರ್ಷ ಅದನ್ನು ಹೇಳುತ್ತಿದ್ದದ್ದು ಇವರ ನಾಲಗೆ. ನನ್ನದಕ್ಕೆ ಆ ಕೆಲಸ ಕಲಿಸಿದವರಿಲ್ಲ. ಇವರು ಕಾಯುತ್ತಿದ್ದರು, ನಾನು ಕಾಯುತ್ತಿದ್ದ ಹಾಗೆಯೇ, ನನ್ನ ಮುಖವನ್ನೇ ನೋಡುತ್ತ. ಇವರಿಗೆ ಏನು ಬೇಕು ಎಂದು ನನಗೆ ಗೊತ್ತಿತ್ತು. ಬಾಯಿ ಬಿಡದೆ ಅನ್ನದ ಪಾತ್ರೆಗೆ ಕೈ ಚಾಚಿ ಇನ್ನೊಂದು ಸೌಟು ಹಾಕಿಕೊಂಡೆ. ಇವರ ಮುಖ ಅರಳಿತು. ನಾನು ಬಟ್ಟಲಿನ ಮೇಲೆ ತಲೆ ಬಗ್ಗಿಸಿ ಕಲಸುತ್ತಲೇ ಇದ್ದೆ.